ದಿಮ್ಮಿಯ ಮೇಲಿನ ಪಾದಗಳು

ಇಗರ್ಜಿಯ ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂದು ಒಂದೆರಡು ವರ್ಷವಾಗಿತ್ತು. ಯಲ್ಲಾಪುರದಲ್ಲಿ ನಮ್ಮ ಕ್ರೈಸ್ತ ಜನ ಹೆಚ್ಚಿರಲಿಲ್ಲ. ಬಹುಪಾಲು ನಾಟಾ ಕೆಲಸಕ್ಕೆಂದು, ಅಂದರೆ ಮರ ಕಡಿದು ಕೊಯ್ಯುವ ಕೆಲಸಕ್ಕೆಂದು, ಕರಾವಳಿಯಿಂದ ಘಟ್ಟ ಹತ್ತಿ ಬಂದು ಇಲ್ಲೇ ಉಳಿದವರು. ನನ್ನ ಗಂಡನೂ ಹಾಗೆಯೇ, ಡಿಪೋದಲ್ಲಿ ದಿಮ್ಮಿ ಅಳೆಯುತ್ತಿದ್ದರು. ಆ ವರ್ಷ ಬಂದ ಹೊಸ ಪಾದ್ರಿಗಳು ಒಂದು ಭಾನುವಾರ ಪ್ರಸಂಗದಲ್ಲಿ ಹೇಳಿದರು: ಅಕ್ಕಪಕ್ಕದ ಐದಾರು ಮನೆಯವರು ವಾರಕ್ಕೊಮ್ಮೆ ಕೂಡಬೇಕು, ಬೈಬಲಿನ ಶುಭಸಂದೇಶದ ಒಂದು ಭಾಗ ಓದಬೇಕು, ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಮನಸ್ಸಿಗೆ ಎಲ್ಲಿ ತಾಗಿತೋ ಅದನ್ನು ಉಳಿದವರಿಗೆ ಹೇಳಬೇಕು.

ನಾನು ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳೆಂದು ಓದುವ ಕೆಲಸ ನನಗೆ ಬಂತು. ಕೂಡುವುದು ನಮ್ಮ ಮನೆಯ ಜಗಲಿಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ. ನಮ್ಮ ಅತ್ತೆಗೆ ಇದು ಸರಿಬರಲಿಲ್ಲ. “ನಾವೇ ಹೇಳೂದಾದ್ರೆ ಪಾದ್ರಿ ಎಂತಕ್ಕೆ?” ಎಂದರು. ಮೊದಲ ವಾರಗಳಲ್ಲಿ ಯಾರೂ ಮಾತೆತ್ತಲಿಲ್ಲ. ಜಪಸರ ಹೇಳುವಾಗ ಒಟ್ಟಿಗೆ ದನಿಗೂಡಿಸುವುದು ಎಲ್ಲರಿಗೂ ರೂಢಿ. ಒಬ್ಬರೇ ತಮ್ಮ ಒಳಗಿನದನ್ನು ಹೇಳುವುದೆಂದರೆ ನಾಚಿಕೆ. ನಾನು ಓದುತ್ತಿದ್ದೆ, ಎಲ್ಲರೂ ನೆಲ ನೋಡುತ್ತಿದ್ದರು, ಆಮೇಲೆ ಚಾ ಕುಡಿದು ಏಳುತ್ತಿದ್ದೆವು.

ಬರುವವರಲ್ಲಿ ಹಲಗೆ ಕೊಯ್ಯುವವರೊಬ್ಬರಿದ್ದರು, ಐವತ್ತರ ಹತ್ತಿರದ ಒಂಟಿ ಮನುಷ್ಯ. ನಾವು ಅವರನ್ನು ಗರಗಸದ ಮಾಮ ಎನ್ನುತ್ತಿದ್ದೆವು. ಹಲಗೆ ಕೊಯ್ಯುವುದು ಆಗ ಇಬ್ಬರ ಕೆಲಸ. ದಿಮ್ಮಿಯನ್ನು ಎತ್ತರದಲ್ಲಿ ಕಟ್ಟಿ, ಒಬ್ಬ ಮೇಲೆ ನಿಂತು ಒಬ್ಬ ಕೆಳಗೆ ನಿಂತು ಉದ್ದನೆಯ ಗರಗಸ ಎಳೆಯಬೇಕು. ಮಾಮ ಕೆಳಗಿನವರು. ಬಹಳ ಕಾಲ ಅವರ ಜೊತೆ ಮೇಲೆ ನಿಂತದ್ದು ಅವರಿಗಿಂತ ಹಿರಿಯರೊಬ್ಬರು. ಮಾಮ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದದ್ದು. ಕೆಲವು ವರ್ಷಗಳ ಹಿಂದೆ ಆ ಅಣ್ಣ ಇಡಗುಂದಿಯ ಆಚೆ ಕಾಡಿನ ಬಿಡಾರದಲ್ಲಿ ಚಳಿಜ್ವರ ಹತ್ತಿ, ಕಾಲು ಊದಿ ತೀರಿಕೊಂಡಿದ್ದರು. ಮೊದಲ ಮಳೆಗೆ ಗಾಡಿದಾರಿ ಕುಸಿದಿತ್ತು. ಹೆಣವನ್ನು ಊರಿಗೆ ತರಲಾಗದೆ, ಪಾದ್ರಿಯಿಲ್ಲದೆ, ಗಂಟೆಯಿಲ್ಲದೆ, ಮಾಮನೂ ಸೇರಿ ಬಿಡಾರದವರೇ ಅಲ್ಲಿ ಮಣ್ಣು ಮಾಡಿದರು. ಅವರ ಹೆಂಡತಿ ನಮ್ಮ ಪಕ್ಕದ ಮನೆಯಲ್ಲಿ ಹೊಲಿಗೆ ಮಾಡಿಕೊಂಡಿದ್ದರು. ಊರಿಗೆಲ್ಲ ಅವರು ಬಾಯಮ್ಮ. ಅವರೂ ಕೂಟಕ್ಕೆ ಬರುತ್ತಿದ್ದರು.

ಈಸ್ಟರ್ ಕಳೆದ ಭಾನುವಾರ ನಾನು ಓದಿದ್ದು, ಸತ್ತು ಎದ್ದುಬಂದ ಸ್ವಾಮಿಯನ್ನು ಕಂಡ ಶಿಷ್ಯರು ಭೂತವೆಂದು ಹೆದರಿದ ಭಾಗ. ಸ್ವಾಮಿ ಕೈಕಾಲು ತೋರಿಸಿ, ತಿನ್ನಲು ಏನಾದರೂ ಇದೆಯೇ ಎಂದು ಕೇಳುತ್ತಾರೆ. ಶಿಷ್ಯರು ಸುಟ್ಟ ಮೀನು ಕೊಡುತ್ತಾರೆ. ಓದಿ ಮುಗಿಸಿ ನಾನು ಪುಸ್ತಕ ಮುಚ್ಚಿದೆ. ಮೆಟ್ಟಿಲ ಮೇಲೆ ಕೂತಿದ್ದ ಮಾಮ ತಲೆಯೆತ್ತದೆ ಹೇಳಿದರು.

“ನಂಗೆ ಅಣ್ಣ ಕಾಣ್ತಾರೆ.”

ನಮ್ಮ ಅತ್ತೆ ಶಿಲುಬೆಯ ಗುರುತು ಹಾಕಿಕೊಂಡರು. ಮಾಮ ಮುಂದುವರಿಸಿದರು.

“ಕಣ್ಣಿಗೆ ಮರದ ಹೊಡಿ ಬೀಳ್ತದೆ ಅಂತ ಕೆಳಗಿನವ ಮೇಲೆ ನೋಡೂಕಿಲ್ಲ. ಒಂದೊಂದು ಸಲ ನೋಡಿಬಿಡ್ತೆ. ಈಗ ನನ್ನ ಸಂಗಡ ಇರೂದು ಕುಮಟೆ ಕಡೆಯವ. ಆದ್ರೆ ದಿಮ್ಮಿ ಮೇಲೆ ಕಾಣೂದು ಅವನ ಕಾಲಲ್ಲ, ಅಣ್ಣನ ಕಾಲು. ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ.” ಅವರು ನನ್ನ ಕೈಯ ಪುಸ್ತಕದ ಕಡೆ ಬೆರಳು ತೋರಿಸಿದರು. “ಶಿಷ್ಯರು ಮೀನು ಕೊಟ್ರು. ನಾ ಎಂತ ಕೊಡ್ಲಿ? ಅಣ್ಣ ಎಂತದೂ ಕೇಳೂದೇ ಇಲ್ಲ.”

ಬಾಯಮ್ಮನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರೇ ಕೇಳಿದರು. “ಯಾವಾಗಿಂದ, ತಮ್ಮಾ?”

“ತೀರ್ಕೊಂಡ ಮರುವರ್ಷದಿಂದ, ಅತ್ತಿಗೆ.”

“ನನ್ನತ್ರ ಒಂದು ಸಲನೂ ಬರ್ಲಿಲ್ಲ,” ಎಂದರು ಬಾಯಮ್ಮ. ದನಿ ಏರಲಿಲ್ಲ. “ಇಷ್ಟು ವರ್ಷ ಬಾಗಿಲಿಗೆ ಅಗಳಿ ಹಾಕದೆ ಮಲಗ್ತಿದ್ದೆ. ಬಂದಿದ್ದು ನಿನ್ನತ್ರ.”

ಎದ್ದು ಮನೆಗೆ ಹೋದರು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಮಾಮ ಬಂದು, ಬಾಯಮ್ಮ ಕೂರುತ್ತಿದ್ದ ಜಾಗ ನೋಡಿ, ಚಾ ಕೂಡ ಕುಡಿಯದೆ ಹೋಗುತ್ತಿದ್ದರು. ಕೊನೆಗೆ ನಮ್ಮ ಅತ್ತೆಯೇ, “ಅವಳು ಬರೂದಿಲ್ಲ ಅಂದ್ರೆ ನಾವೇ ಹೋಗುವ,” ಎಂದರು. ಎಲ್ಲರೂ ಬಾಯಮ್ಮನ ಮನೆಗೆ ಹೋಗಿ, ಬಟ್ಟೆಯ ತುಂಡುಗಳನ್ನು ಸರಿಸಿ ಕುಳಿತೆವು. ಅಂದು ನಾನು ಏನೂ ಓದಲಿಲ್ಲ. ಬಾಯಮ್ಮ ನೆಟ್ಟಗೆ ಮಾಮನನ್ನೇ ಕೇಳಿದರು.

“ಜ್ವರದಲ್ಲಿ ಕಾಲು ಊದಿತ್ತು ಅಂದಿದ್ಯಲ್ಲ. ಈಗ್ಲೂ ಊದಿದ್ಯಾ?”

“ಇಲ್ಲ ಅತ್ತಿಗೆ. ಮೊದ್ಲು ಹೇಗಿತ್ತೋ ಹಾಗೇ ಅದೆ.”

ಆಗ ಬಾಯಮ್ಮ ಅತ್ತರು. ನಮ್ಮ ಅತ್ತೆ ಅವರ ಬೆನ್ನಿನ ಮೇಲೆ ಕೈಯಿಟ್ಟು ಕೂತರು. ಅಳು ನಿಂತ ಮೇಲೆ ಬಾಯಮ್ಮ ಹೇಳಿದ್ದು ಇಷ್ಟೇ: “ನನ್ನ ಅಲ್ಲಿಗೆ ಕರ್ಕೊಂಡು ಹೋಗು.”

ಮಳೆಗೆ ಮುಂಚೆ, ದಿಮ್ಮಿ ತರಲು ಹೊರಟ ಖಾಲಿ ಲಾರಿಯಲ್ಲಿ ಪಾದ್ರಿಗಳ ಸಮೇತ ಹೋದೆವು. ಬಿಡಾರವಿದ್ದ ಗುಡ್ಡದಲ್ಲಿ ಸಾಗುವಾನಿ ನೆಟ್ಟಿದ್ದರು. ಎಲ್ಲ ಗಿಡವೂ ಒಂದೇ ಎತ್ತರ, ಎತ್ತ ನೋಡಿದರೂ ಒಂದೇ ಸಾಲು. ತಲೆಯ ಕಡೆ ಇಟ್ಟ ಕಲ್ಲು, ಕಟ್ಟಿ ನೆಟ್ಟ ಶಿಲುಬೆ, ಯಾವುದೂ ಇರಲಿಲ್ಲ. ಮಾಮ ಒಂದು ಸಾಲಿನಿಂದ ಇನ್ನೊಂದಕ್ಕೆ ಓಡಾಡುತ್ತ, ಅಲ್ಲಲ್ಲಿ ಕೂತು ಒಣಗಿದ ಎಲೆ ಸರಿಸಿ ನೋಡುತ್ತ, “ಇಲ್ಲೇ ಇತ್ತು, ಇಲ್ಲೇ ಇತ್ತು,” ಎನ್ನುತ್ತಿದ್ದರು. ಪಾದ್ರಿಗಳು ಅವರ ತೋಳು ಹಿಡಿದು ನಿಲ್ಲಿಸಿದರು. ಆಮೇಲೆ ಮರಣದ ಪ್ರಾರ್ಥನೆ ಹೇಳುತ್ತ, ಸಾಲು ಸಾಲಿಗೂ ನಡೆದು ತೀರ್ಥ ಚಿಮುಕಿಸಿದರು. ಗಂಡನ ಹೆಸರನ್ನು ಎಂದೂ ಉಚ್ಚರಿಸದಿದ್ದ ಬಾಯಮ್ಮ ಅಂದು ಹೆಸರು ಹಿಡಿದು ಗಟ್ಟಿಯಾಗಿ ಕರೆದರು. ಉತ್ತರ ಬರಲಿಲ್ಲ. ಆದರೆ ಉತ್ತರಕ್ಕೆಂದು ನಾವೆಲ್ಲ ಕಾದು ನಿಂತದ್ದು ನಿಜ, ಪಾದ್ರಿಗಳೂ ಸೇರಿ. ಆ ನಿಶ್ಶಬ್ದ ನನಗೆ ಈಗಲೂ ಕೆಲವೊಮ್ಮೆ ಮಧ್ಯಾಹ್ನದ ಹೊತ್ತು ಬಂದು ಹಿಡಿದುಕೊಳ್ಳುತ್ತದೆ.

ಆಮೇಲೆ ಮಾಮನಿಗೆ ಅಣ್ಣ ಕಾಣಲಿಲ್ಲ. ಒಳ್ಳೆಯದಾಯಿತಲ್ಲ ಎಂದು ಯಾರೋ ಹೇಳಿದ್ದಕ್ಕೆ ಅವರು, “ಈಗ ಮೇಲೆ ನೋಡಿದ್ರೆ ಬರೇ ಆ ಕುಮಟೆಯವನ ಕಾಲು,” ಎಂದರು. ಏನೋ ಕಳೆದುಕೊಂಡವರ ದನಿ ಅದು.

ಮಳೆಗಾಲದ ನಡುವೆ ಒಂದು ಸಂಜೆ, ಕೊಟ್ಟಿದ್ದ ರವಿಕೆ ತರಲು ಹೋದಾಗ ಬಾಯಮ್ಮ ಮೆಷಿನ್ ನಿಲ್ಲಿಸಿ, “ನಿನ್ನೆ ಬಂದಿದ್ರು,” ಎಂದರು. ಯಾರೆಂದು ನಾನು ಕೇಳಲಿಲ್ಲ.

“ಎಂತ ಹೇಳಿದ್ರು?”

“ಎಂತ ಇಲ್ಲ. ಹೊಸ್ತಿಲಾಚೆ ನಿಂತ್ರು. ಒಳಗೆ ಬನ್ನಿ ಅಂದೆ. ಬಂದ್ರು.” ದಾರ ಕಚ್ಚಿ ತುಂಡು ಮಾಡಿದರು. “ತಮ್ಮನಿಗೆ ಹೇಳ್ಬೇಡ. ಅವನಿಗೆ ಬೇಜಾರಾಗ್ತದೆ.”

ಕೂಟ ಮುಂದುವರಿಯಿತು. ಜನ ಮೆಲ್ಲಗೆ ಬಾಯಿಬಿಡಲು ಕಲಿತರು, ನಮ್ಮ ಅತ್ತೆ ಎಲ್ಲರಿಗಿಂತ ಹೆಚ್ಚು. ಮಾಮ ಆಗಾಗ, “ಅತ್ತಿಗೆ, ನಿಮಗೆ ಎಂತಾದ್ರೂ ಕಂಡ್ತಾ?” ಎಂದು ಕೇಳುವರು. ಬಾಯಮ್ಮ ಇಲ್ಲವೆಂದು ತಲೆಯಾಡಿಸುವರು. ನಾನು ಪುಸ್ತಕದ ಪುಟ ತಿರುವುತ್ತಿದ್ದೆ.

ಯಂತ್ರದ ಮಿಲ್ಲು ಬಂದು ಕೈಗರಗಸದ ಕೆಲಸ ಕಡಿಮೆಯಾದಾಗ ಮಾಮ ತಮ್ಮೂರಿಗೆ, ಹೊನ್ನಾವರದ ಕಡೆಗೆ, ಹೊರಟರು. ಬಸ್ ಹತ್ತಿಸಲು ಬಾಯಮ್ಮನೂ ನಾನೂ ಹೋಗಿದ್ದೆವು. ಕಿಟಕಿಯಿಂದ ಬಾಗಿ ಅವರು ಹೇಳಿದರು, “ಅತ್ತಿಗೆ, ಅಣ್ಣ ಯಾವಾಗಾದ್ರೂ ಬಂದ್ರೆ, ನಾ ಕೇಳ್ದೆ ಅಂತ ಹೇಳಿ.”

“ಹೇಳ್ತೆ,” ಎಂದರು ಬಾಯಮ್ಮ.