ಎರಡು ಹೊಸ ಸೆಲ್ಲು, ಎರಡು ಹಳೆ ಸೆಲ್ಲು

ನಮ್ಮೂರಿಗೆಲ್ಲ ಮೂರೇ ರೇಡಿಯೋ ಇದ್ದ ಎಪ್ಪತ್ತರ ದಶಕದ ಮಾತಿದು. ಹೊರಕೆರೆದೇವಪುರದ ಹತ್ತಿರದ ಹಳ್ಳಿ ನಮ್ಮದು. ಆ ಮೂರರಲ್ಲಿ ಒಂದು ನಮ್ಮ ಮನೆಯದೇ ಎಂದು ನನಗಿದ್ದ ಜಂಬ ಅಷ್ಟಿಷ್ಟಲ್ಲ. ಅದರ ಚರ್ಮದ ಚೀಲ ಹೊಸ ಚಪ್ಪಲಿಯ ವಾಸನೆ ಬೀರುತ್ತಿತ್ತು. ಒಳಗೆ ನಾಲ್ಕು ಸೆಲ್ಲು. ಅವು ಸೋತರೆ ಅಪ್ಪ ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದ. ಸಂಜೆ ಹಾಕಿದರೆ ರೇಡಿಯೋ ಮತ್ತೆ ಸ್ವಲ್ಪ ಹೊತ್ತು ಹಾಡುತ್ತಿತ್ತು. ಬಿಸಿಲೇ ಅದರೊಳಗೆ ಹೋಗಿ ಕೂರುತ್ತದೆ ಎಂದು ನಾನು ನಂಬಿದ್ದೆ.

ಆ ವರ್ಷ ಶೇಂಗಾ ಕಿತ್ತು ಮುಗಿದ ಮೇಲೆ ನಮ್ಮ ಶಾಲೆಯ ಮೇಷ್ಟ್ರು ಊರಿನ ನಾಲ್ವರು ಹೆಂಗಸರನ್ನು ಭದ್ರಾವತಿಗೆ ಕರೆದೊಯ್ದು, ರೇಡಿಯೋದವರ ಮುಂದೆ ಬೀಸುವ ಪದ ಹಾಡಿಸಿಕೊಂಡು ಬಂದರು. ಮೂವರು ಸೇರಿ ಒಂದು ಪದ ಹಾಡಿದರಂತೆ. ಇನ್ನೊಂದನ್ನು ಅವ್ವ ಒಬ್ಬಳೇ ಹಾಡಿದಳು. ಅದು ಅವಳ ತಾಯಿ ಕಲಿಸಿದ್ದು, ಊರಲ್ಲಿ ಬೇರೆ ಯಾರಿಗೂ ಬಾರದ್ದು. ನಸುಕಿನಲ್ಲಿ ಅವಳು ರಾಗಿ ಬೀಸುತ್ತಾ ಹಾಡಿದರೆ ನಾನು ಕಂಬಳಿಯೊಳಗೆ ನಿದ್ದೆಗಣ್ಣಲ್ಲೇ ಕೇಳುತ್ತಿದ್ದೆ. ತನ್ನ ದನಿ ಬೇರೆಯವರ ಕಿವಿಗೆ ಹೇಗೆ ಬೀಳುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅದೊಂದನ್ನು ತಿಳಿಯಲು ಹದಿನೈದು ದಿನ ದಾರಿ ಕಾದಳು. ಅಪ್ಪ ಹೊಳಲ್ಕೆರೆಯಿಂದ ಹೊಸ ಸೆಲ್ಲು ತಂದು ಹಾಕಿದ.

ಪದ ರೇಡಿಯೋದಲ್ಲಿ ಬರುವ ದಿನದ ಹಿಂದಿನ ಮಧ್ಯಾಹ್ನ ನಾನೂ ಪಕ್ಕದ ಮನೆಯ ರತ್ನಿಯೂ ಕತ್ತಲೆ ಕೋಣೆಯಲ್ಲಿ ಸಿನಿಮಾ ಆಟಕ್ಕೆ ಕೂತೆವು. ಟೆಂಟಿನ ಬಳಿ ಆಯ್ದು ತಂದ ಫಿಲ್ಮಿನ ತುಂಡಿಗೆ ಟಾರ್ಚು ಬಿಟ್ಟು ಗೋಡೆಯ ಮೇಲೆ ನೋಡುವ ಆಟ. ಟಾರ್ಚು ಮಂಕಾಗಿತ್ತು. ರೇಡಿಯೋದ ಎರಡು ಹೊಸ ಸೆಲ್ಲು ಕಿತ್ತು ಟಾರ್ಚಿಗೆ ಹಾಕಿ, ಬಿಸಿಲಲ್ಲಿದ್ದ ಎರಡು ಹಳೆಯವನ್ನು ರೇಡಿಯೋಗೆ ತುರುಕಿದೆ. ತಿರುವಿ ನೋಡಿದರೆ ಚೆನ್ನಾಗೇ ಹಾಡಿತು. ಮುದಿ ಎತ್ತಿನ ಜೊತೆ ಗಟ್ಟಿ ಎತ್ತು ಹೂಡಿದರೆ ಗಾಡಿ ಹೋಗುವುದಿಲ್ಲವೇ ಎಂಬುದು ನನ್ನ ಲೆಕ್ಕ. ಆಟ ಮುಗಿದ ಮೇಲೆ ಬದಲಿಸೋಣವೆಂದರೆ ಅಷ್ಟರಲ್ಲಿ ಅಪ್ಪ ಟಾರ್ಚು ಹಿಡಿದು ಕುರಿಹಟ್ಟಿಗೆ ಹೋಗಿಯಾಗಿತ್ತು. ಅವನು ಮರಳಿದ್ದು ಮರುದಿನ ಸಂಜೆ, ಜಗಲಿ ತುಂಬ ಜನ ಸೇರಿದ ಮೇಲೆ.

ಅವ್ವ ಎಲ್ಲರಿಗೂ ಮಂಡಕ್ಕಿ, ಹುರಿದ ಶೇಂಗಾ ಹಂಚಿ ರೇಡಿಯೋದ ಎದುರಿಗೇ ಕೂತಳು. ಮೂವರ ಪದ ಸೊಗಸಾಗಿ ಬಂತು. ಅವ್ವನ ಹೆಸರು ಹೇಳುವ ಹೊತ್ತಿಗೆ ಸೆಲ್ಲು ಸೋಲತೊಡಗಿತ್ತು. ದನಿ ಕರಕರ ಎಂದಿತು, ಒಡೆಯಿತು, ಮೂಗಿನಲ್ಲಿ ಹಾಡಿದ ಹಾಗೆ ಸಣ್ಣಗಾಯಿತು. ಯಾರೋ ಕಿಸಕ್ಕೆಂದರು. ಸೆಲ್ಲು ನೋಡಪ್ಪ ಎಂದು ಮೇಷ್ಟ್ರು ಹೇಳಿದರೆ, ಹೊಸವು, ನಾನೇ ಹಾಕಿದ್ದು ಎಂದ ಅಪ್ಪ. ನಿಜ ಹೇಳಬೇಕಾದ ನಾನು ಬಾಯಲ್ಲಿ ಶೇಂಗಾ ಇಟ್ಟುಕೊಂಡು ಅಗಿಯದೆ ಕೂತಿದ್ದೆ.

ಪದ ಮುಗಿದ ಮೇಲೆ ಅವ್ವ ಅಪ್ಪನ ಮುಖ ನೋಡಿದಳು.

“ನನ್ ದನಿ ಹಿಂಗೈತೇನ್ರಿ?”

ಅಪ್ಪ ರೇಡಿಯೋ ಆರಿಸಿದ.

ಬೈಗುಳದ ಹೆದರಿಕೆಗೆ ಆ ರಾತ್ರಿಯೇ ಯಾರೂ ಕಾಣದಂತೆ ಟಾರ್ಚಿನ, ರೇಡಿಯೋದ ಸೆಲ್ಲುಗಳನ್ನು ಅದಲುಬದಲು ಮಾಡಿದೆ. ಮೊದಲಿನದಕ್ಕಿಂತ ದೊಡ್ಡ ತಪ್ಪು ಅದೇ. ಬೆಳಿಗ್ಗೆ ವಾರ್ತೆ ಗಂಟೆ ಹೊಡೆದ ಹಾಗೆ ಕೇಳಿಸಿತು. “ರೇಡಿಯೋಕ್ಕೇನಾಗೈತೆ, ಚೆನ್ನಾಗೇ ಐತೆ ಬಿಡ್ರಿ” ಎಂದು ಅವ್ವ ಒಳಗೆ ಹೋದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಬೀಸುಕಲ್ಲಿನ ಸದ್ದು ಮಾತ್ರ ಉಳಿಯಿತು. ಕಂಬಳಿಯೊಳಗೆ ಮಲಗಿ ಅದನ್ನು ಕೇಳುವಾಗೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಲೇ ಮದುವೆಯಾಗಿ ಹಿರಿಯೂರಿಗೆ ಹೋದೆ.

ನನ್ನ ಮಕ್ಕಳು ಹೈಸ್ಕೂಲು ಸೇರಿದ ಮೇಲೆ ಹೇಳಿದೆ. ಅವ್ವ ಬೈಯಲಿಲ್ಲ. “ಅವತ್ತೇ ಅಂದಿದ್ರೆ ಆಗ್ತಿತ್ತಲ್ಲೇ” ಎಂದಳು, ಅಷ್ಟೇ. ಹಾಡು ಎಂದು ಕಾಡಿದೆ. ಗಂಟಲು ಸರಿಮಾಡಿಕೊಂಡು ಎರಡು ಸಾಲು ಹಾಡಿದಳು. ಮತ್ತೆ ಮೊದಲಿನಿಂದ ಅದೇ ಎರಡು ಸಾಲು.

“ಮುಂದಿಂದು ಹೋತು ಮಗಾ.”

ಅವ್ವ ಹೋಗಿ ಬಹಳ ವರ್ಷವಾಯಿತು. ರಾಗ ನನಗೆ ನೆನಪಿದೆ, ಮಾತಿಲ್ಲ. ಭದ್ರಾವತಿಯಲ್ಲಿ ವಿಚಾರಿಸಿದರೆ ಅವತ್ತಿನ ಟೇಪು ಉಳಿದಿಲ್ಲ ಎಂದರು. ಆ ಪದದ ಮೂರನೆಯ ಸಾಲು ಗೊತ್ತಿರುವವರು ಈಗ ಯಾರೂ ಇಲ್ಲ. ಅದನ್ನು ಕಳೆದವಳು ನಾನೇ.