ಬಿರುಕಿಗೆ ಅಂಟಿಸಿದ ಗಾಜು

ಬೈಂದೂರಿನ ಹತ್ತಿರ, ಕೆಂಪುಕಲ್ಲಿನ ಕೋರೆಯ ಅಂಚಿನಲ್ಲಿದ್ದ ಮನೆಗೆ ಹೋಗಿದ್ದೆ. ಕೋರೆಯಿಂದ ಸುತ್ತಲಿನ ನೆಲ ಕುಸಿಯುತ್ತಿದೆಯೇ ಎಂದು ಅಳೆಯುವುದು ನನ್ನ ಸಂಶೋಧನೆ. ಗೋಡೆಯ ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸಿದರೆ, ನೆಲ ಸರಿದಾಗ ಅದು ಒಡೆಯುತ್ತದೆ. ಮನೆಯೊಡತಿ ಗಿರಿಜಕ್ಕ ಬಾಗಿಲಲ್ಲೇ ತಡೆದರು.

“ಹ್ವಾಯ್, ನಿಮ್ಮನ್ನ್ ಕಳ್ಸದ್ ಯಾರ್? ಕೋರೆಯವ್ರಾ?”

“ಅಲ್ಲಕ್ಕ, ಕಾಲೇಜಿನಿಂದ ಬಂದಿದ್ದೇನೆ.”

“ಹಿಂದ್ ಬಂದವ್ರೂ ಹಾಂಗೇ ಹೇಳ್ರ್. ಕಡಿಗೆ ಹಳೀ ಬಿರುಕ್ ಅಂದೇಳಿ ಬರ್ಕಂಡ್ ಹೋದ್ರ್.”

ಬಹಳ ಹೊತ್ತಿನ ಮೇಲೆ ಒಳಗೆ ಬಿಟ್ಟರು. ಗಾಜು ಅಂಟಿಸಿ, ಬಿರುಕಿನ ಅಗಲವನ್ನು ಪುಸ್ತಕದಲ್ಲಿ ಬರೆದುಕೊಂಡೆ. ಅವರು ಪೆನ್ಸಿಲ್ ತಂದು ಕೈಗಿತ್ತರು.

“ಗೋಡಿ ಮೇಲೂ ಬರ್ದ್ ಹೋಯ್ನಿ. ಪುಸ್ತ್ಕ ನಿಮ್ಮೊಟ್ಟಿಗ್ ಹೋತ್ತ್.”

ಅಳತೆ, ತಾರೀಖು ಬರೆದು ರುಜು ಹಾಕಿದೆ. ಅಷ್ಟಾದರೂ ನಂಬದೆ, ಗೋಡೆಯ ಪಕ್ಕ ನನ್ನನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು.