ನುಂಗಿದರೆ ಮುಗಿಯಿತು ಎಂದುಕೊಂಡವರು

ಮುದ್ದೇಬಿಹಾಳದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಊರ ಮಕ್ಕಳಿಗೆಲ್ಲ ಬಿಡಿಸಿ ಹೇಳುವ ನಾನು, ಒಡಹುಟ್ಟಿದವನಿಗೆ ಮಾತ್ರ ಅರ್ಧ ಹೇಳಿ ಕೈತೊಳೆದುಕೊಂಡೆ.

ಅಣ್ಣ ನಾಲತವಾಡದ ಹತ್ತಿರ ಕುರಿ ಸಾಕುತ್ತಾನೆ. ಆ ವರ್ಷ ನಾಲ್ಕು ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಅಣ್ಣ ಸತ್ತ ಮರಿಗಳನ್ನು ಬರಿಗೈಯಲ್ಲೇ ಎಳೆದು ತೆಗೆದ, ಅವನ ಹೆಂಡತಿ, ನಮ್ಮ ವೈನಿ, ಬರಿಗೈಯಲ್ಲೇ ಜಾಗ ಬಳಿದಳು. ಸ್ವಲ್ಪ ದಿನಕ್ಕೆ ಅಣ್ಣನಿಗೆ ಸಂಜೆಯಾದರೆ ಜ್ವರ, ಬೆಳಗಾದರೆ ಅಂಗಿ ಹಿಂಡುವಷ್ಟು ಬೆವರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಕುರಿಗಳ ಕಂದು ಬೀಳಿಸಿದ ಬ್ರುಸೆಲ್ಲಾ ಎಂಬ ರೋಗಾಣುವೇ, ಅವುಗಳಿಂದಲೇ ಬಂದಿದೆ ಎಂದರು. ಆರು ವಾರ ಬಿಡದೆ ಗುಳಿಗೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಬೆನ್ನುಮೂಳೆಗೆ ಇಳಿದೀತು.

ಅಣ್ಣ ಹೆದರಿದ್ದ. ಧೈರ್ಯ ಹೇಳಲು ಹೋಗಿ ನಾನು, "ರಕ್ತದಾಗ ಕಾವಲು ಕಣ ಇರ್ತಾವಣ್ಣ. ರೋಗಾಣು ಕಂಡ್ರ ನುಂಗಿಬಿಡ್ತಾವ," ಎಂದುಬಿಟ್ಟೆ. ನಮ್ಮ ಕಡೆ ನುಂಗಿದ ಎಂದರೆ ಕತೆ ಮುಗಿಯಿತು ಎಂದೇ ಅರ್ಥ. ಅಣ್ಣತಮ್ಮಂದಿರ ಹೊಲ ನುಂಗಿದವನಿಂದ ಹೊಲ ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ. ಮೂರನೆಯ ವಾರ ಜ್ವರ ನಿಂತಿತು. ಅಣ್ಣ ಉಳಿದ ಗುಳಿಗೆಗಳನ್ನು ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟ. "ನುಂಗ್ಯಾವಲ್ಲ ತಂಗಿ, ಇನ್ನ ಗುಳಿಗಿ ಯಾಕ?" ಎಂದು ನಕ್ಕ.

ನಾನು ಹೇಳದೆ ಬಿಟ್ಟ ಅರ್ಧ ಇದು: ಈ ರೋಗಾಣುವಿಗೆ ನುಂಗಿಸಿಕೊಳ್ಳುವುದೇ ಬೇಕು. ಗದ್ದಲವಿಲ್ಲದೆ ಕಾವಲು ಕಣದ ಹೊಟ್ಟೆ ಸೇರುತ್ತದೆ. ನುಂಗಿದ್ದನ್ನು ಅರಗಿಸುವ ಆಮ್ಲದ ಚೀಲಗಳು ಅಲ್ಲಿವೆ, ಬಹಳಷ್ಟು ರೋಗಾಣುಗಳು ಅಲ್ಲೇ ಸಾಯುತ್ತವೆ ಕೂಡ. ತಪ್ಪಿಸಿಕೊಂಡ ಕೆಲವು ಆ ಕಣದ ಅಡುಗೆಮನೆಯಂಥ ಮೂಲೆ ಹಿಡಿದು, ಅದರದ್ದೇ ಅನ್ನ ಉಂಡು ಬೆಳೆಯುತ್ತವೆ. ಹೊರಗೆ ಜ್ವರವಿಲ್ಲ, ಒಳಗೆ ಅವುಗಳ ಸಂಸಾರ ಜೋರು. ಇದನ್ನೆಲ್ಲ ಹೇಳಿದೆ. ಜಗಳವಾಡಿದೆ. "ವೈನಿ ಬಸುರಿ ಅದಾಳ, ನೀ ಮಲಗಿದ್ರ ಯಾರು ನೋಡವ್ರು?" ಎಂದು ಕೂಗಾಡಿದೆ.

"ಭಾಳ ಓದೀದಿ ನೀ," ಎಂದು ಕುರಿ ಹೊಡೆದುಕೊಂಡು ಹೋದ. ನನಗೆ ಅವನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು.

ದೀಪಾವಳಿಯ ಹೊತ್ತಿಗೆ ಅವನಿಗೆ ಕುಳಿತಲ್ಲಿಂದ ಏಳಲಾಗಲಿಲ್ಲ. ವೈನಿಯೂ ನಾನೂ ಎರಡು ಕಡೆ ಹಿಡಿದು ಆಟೋ ಹತ್ತಿಸಿದೆವು. ಡಾಕ್ಟರು ಬೆನ್ನಿನ ಸ್ಕ್ಯಾನ್ ನೋಡಿ ರೋಗ ಬೆನ್ನುಮೂಳೆಗೆ ಇಳಿದಿದೆ ಎಂದರು. ಆಮೇಲೆ, "ಮನಿಯಾಗ ಮತ್ತ ಯಾರಿಗರೆ ಜ್ವರ ಬರ್ತಾವೇನ್ರಿ?" ಎಂದು ಕೇಳಿದರು.

ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ವೈನಿ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.

"ನನಗ ಸಂಜಿಮುಂದ ಅಷ್ಟ ಬರ್ತಾವ್ರಿ," ಎಂದಳು. "ಮುಂಜಾನಿ ತಾವ ಬಿಡ್ತಾವ."